ಕೆರೆ ಪಕ್ಕದ ಸೈಟು

2025ರ ಆಗಸ್ಟ್ ತಿಂಗಳ ಒಂದು ಸಂಜೆ ದಲ್ಲಾಳಿಯ ಫೋನು ಬಂತು. "ಮೇಷ್ಟ್ರೇ, ಪೇಪರ್ ನೋಡಿದ್ರಾ? ಕೆರೆ ಕಾನೂನು ಸಡಿಲ ಆಗ್ತಿದೆ. ನಿಮ್ಮ ಸೈಟಿಗೆ ಇನ್ನು ಅಡ್ಡಿ ಇಲ್ಲ. ಪಾರ್ಟಿ ರೆಡಿ ಇದೆ, ಕೊಡ್ತೀರಾ?"

ನಮ್ಮಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಗಳ ಇಂಜಿನಿಯರಿಂಗ್ ಎರಡನೇ ವರ್ಷದ ಶುಲ್ಕ ಕಟ್ಟುವ ದಿನ ಹತ್ತಿರವಾಗಿತ್ತು. "ನಾಳೆ ಹೇಳ್ತೀನಿ" ಎಂದು ಫೋನಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸೈಟಿನ ಕಥೆ ಹೀಗಿದೆ. ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸುಮಾರು ಇಪ್ಪತ್ತು ಎಕರೆಯ ಕೆರೆಯ ಪಕ್ಕ, 2016ರ ಬೇಸಿಗೆಯಲ್ಲಿ ಮೂವತ್ತು-ನಲವತ್ತರ ಸೈಟು ಕೊಂಡೆ. ಮಗಳ ಓದಿಗೆಂದು ಕೂಡಿಟ್ಟ ಹಣ ಅದು. ನೋಂದಣಿಯಾಯಿತು, ಕ್ರಯಪತ್ರ ಕೈಗೆ ಬಂತು. ಅದಕ್ಕೂ ಮುಂಚೆ ಗ್ರಾಮ ನಕಾಶೆ ತೆಗೆಸಿ ನೋಡಬೇಕೆಂಬುದು, ಇಪ್ಪತ್ತು ವರ್ಷ ಮಕ್ಕಳಿಗೆ ಭೂಪಟ ಓದಲು ಕಲಿಸಿದ ಈ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಹೊಳೆಯಲಿಲ್ಲ!

2021ರಲ್ಲಿ ಮನೆ ಕಟ್ಟಲು ಪರವಾನಗಿ ಕೇಳಿದಾಗ ಅರ್ಜಿ ವಾಪಸು ಬಂತು. ಕೆರೆ ಸಂರಕ್ಷಣೆಗಾಗಿ 2014ರಲ್ಲಿ ಆದ ಕಾನೂನಿನಂತೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ. ಗಡಿ ಎಂದರೆ ಬೇಸಿಗೆಯ ನೀರಿನ ಅಂಚಲ್ಲ, ಸರ್ವೆ ನಕ್ಷೆಯ ಗೆರೆ. ಆಗ ಎಸ್ಸೆಸ್ಸೆಲ್ಸಿಯಲ್ಲಿದ್ದ ಮಗಳು ಟೇಪು ಹಿಡಿದು ಅಳೆದಳು. ನಮ್ಮ ಸೈಟು ಶುರುವಾಗುವುದು ಹದಿನಾಲ್ಕನೇ ಮೀಟರಿಗೆ, ಮುಗಿಯುವುದು ಇಪ್ಪತ್ತಾರಕ್ಕೆ. ಇಡೀ ಸೈಟೇ ಗೆರೆಯೊಳಗೆ.

ವಿನಾಯಿತಿ ಕೊಡಿ ಎಂದು ಕಚೇರಿಗೆ ಅಲೆದೆ. ಅಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಕೂರಿಸಿ ವಿವರಿಸಿದರು. "ಹೊಲವನ್ನು ಮನೆಗೆ ಅಂತ ಮಾಡ್ಕೊಳ್ಳೋಕೆ 1964ರ ಭೂ ಕಂದಾಯ ಕಾಯ್ದೆಯಲ್ಲಿ ದಾರಿ ಇದೆ. ಯೋಜನಾ ನಕ್ಷೆಯಲ್ಲಿ ಭೂ ಉಪಯೋಗ ಬದಲಿಸೋಕೆ 1961ರ ಕಾಯ್ದೆಯಲ್ಲಿ 14-ಎ ಕಲಂ ಇದೆ. ಆದರೆ ಮೇಷ್ಟ್ರೇ, ಕೆರೆಯ ಗೆರೆ ಇವೆರಡರಿಂದಲೂ ಬೇರೆ. ಅದನ್ನು ಸರಿಸೋ ಅಧಿಕಾರ ನನಗಿಲ್ಲ."

ನಾನು ಬಿಡಲಿಲ್ಲ. ಮೇಲಿನವರಿಗೆ ದುಂಡು ಅಕ್ಷರದಲ್ಲಿ ಮನವಿ ಬರೆದೆ: "ನನ್ನದೊಂದು ಪುಟ್ಟ ಮನೆಯಿಂದ ಕೆರೆಗೆ ಯಾವ ಬಾಧೆಯೂ ಆಗದು." ನಮ್ಮ ಸಾಲಿನ ಉಳಿದ ಎಂಟು ಸೈಟಿನವರೂ ಅದನ್ನೇ ನಕಲು ಮಾಡಿ ಸಹಿ ಹಾಕಿದರು. ಕಳಿಸುವ ಮುನ್ನ ಒಂಬತ್ತನ್ನೂ ಓದಿದ ಮಗಳು ನಕ್ಕಳು. "ಅಪ್ಪ, ಒಂಬತ್ತು ಜನರೂ 'ನನ್ನದೊಂದು ಮನೆ' ಅಂತಲೇ ಬರೆದಿದ್ದೀರಲ್ಲ! ಒಂಬತ್ತು ಮನೆ ಪಾಯಿಖಾನೆ ಗುಂಡಿಯ ನೀರು ಎಲ್ಲಿಗೆ ಹೋಗುತ್ತೆ?" ನಾನು ಗದರಿ ಸುಮ್ಮನಾಗಿಸಿದೆ. ಉತ್ತರವಿಲ್ಲದಾಗ ಮೇಷ್ಟ್ರುಗಳು ಮಾಡುವುದೇ ಅದು.

ಪ್ರಶ್ನೆ ಮಾತ್ರ ಸುಮ್ಮನಾಗಲಿಲ್ಲ. ಪಕ್ಕದ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿ ಜಲಾಶಯದ ಪಾಠವನ್ನು ನಾನೇ ತರಗತಿಯಲ್ಲಿ ಮಾಡಿದ್ದೆ. ಬೆಂಗಳೂರಿಗೆ ಕುಡಿಯುವ ನೀರಿಗೆಂದು 1933ರಲ್ಲಿ ಆದ ಜಲಾಶಯ. ಅರ್ಕಾವತಿ, ಕುಮುದ್ವತಿ ಅಲ್ಲಿ ಕೂಡುತ್ತವೆ. ಜಲಾನಯನ ಪ್ರದೇಶದಲ್ಲಿ ಬಡಾವಣೆ, ಕಾರ್ಖಾನೆಗಳು ಬೆಳೆದಂತೆ ಬರುವ ನೀರು ತಗ್ಗಿತು, ಬಂದದ್ದೂ ಕೊಳಕಾಯಿತು. ಸುತ್ತಲಿನ ಕಟ್ಟಡಗಳಿಗೆ ಕಡಿವಾಣ ಹಾಕುವ ಅಧಿಸೂಚನೆ 2003ರಲ್ಲಿ ಬರಬೇಕಾಯಿತು. ಅಲ್ಲಿ ಕಟ್ಟಿದವರೂ ತಮ್ಮದೊಂದರಿಂದ ಏನಾದೀತು ಎಂದುಕೊಂಡೇ ಕಟ್ಟಿರಬೇಕು.

2022ರ ಆಗಸ್ಟ್ ಕೊನೆಯಲ್ಲಿ ಮಳೆ ಹೊಡೆಯಿತು. ರಾಮನಗರದಲ್ಲಿ ಭಕ್ಷಿಕೆರೆಯ ನೀರು ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಬೆಂಗಳೂರು-ಮೈಸೂರು ಹೆದ್ದಾರಿಯೇ ಹೊಳೆಯಾಯಿತು. ಮಳೆ ನಿಂತ ಮೇಲೆ ನಾನೂ ಮಗಳೂ ಸೈಟು ನೋಡಲು ಹೋದೆವು. ಸೈಟು ಕಾಣಲಿಲ್ಲ. ಗಡಿಕಲ್ಲಿನ ತುದಿ ಮಾತ್ರ ನೀರಿನಿಂದ ಇಣುಕುತ್ತಿತ್ತು. ಏರಿಯ ಮೇಲೆ ನಿಂತಿದ್ದ, ಹಿಂದೆ ನೀರುಗಂಟಿಯಾಗಿದ್ದ ಅಜ್ಜ ಹೇಳಿದ: "ನೀವು ಬ್ಯಾಸ್ಗೇಲಿ ನೋಡಿ ತಗಂಡ್ರಿ ಮೇಷ್ಟ್ರೇ. ಕೆರೆ ನೋಡ್ಬೇಕಾದ್ದು ಮಳೆಗಾಲ್ದಲ್ಲಿ." ಮಗಳು ಒಂದು ಫೋಟೋ ತೆಗೆದಳು. ಮುಂದಿನ ವಾರ ನನ್ನ ಮನವಿ ಹಿಂದಕ್ಕೆ ಪಡೆದೆ. ಉಳಿದ ಎಂಟು ಜನ ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಈಗ ದಲ್ಲಾಳಿ ಹೇಳಿದ್ದು ಸುಳ್ಳೇನಲ್ಲ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂತರ ಕಡಿಮೆ ಮಾಡುವ ತಿದ್ದುಪಡಿ ವಿಧೇಯಕಕ್ಕೆ 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತ್ತು. ಅದರ ಲೆಕ್ಕದಲ್ಲಿ ನಮ್ಮಂಥ ಕೆರೆಗೆ 12 ಮೀಟರ್ ಸಾಕು. ನಮ್ಮ ಸೈಟು ಹದಿನಾಲ್ಕರಲ್ಲಿ. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು; 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗೆರೆ ಕಾಗದದ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಆದರೆ ನೀರು ಗೆಜೆಟ್ ಓದುವುದಿಲ್ಲವಲ್ಲ!

ಬೆಳಿಗ್ಗೆ ಎದ್ದು ಮೂವರೂ ಕೂತು ಮಾತಾಡಿದೆವು. ಮಗಳು ಹೇಳಿದ್ದು ಇಷ್ಟೇ: "ಅಪ್ಪ, ಮಾರೋದಾದರೆ ಮಾರಿ. ಆ ಫೋಟೋ ತೋರಿಸಿ ಮಾರಿ." ತೋರಿಸಿದೆ. ಕೊಳ್ಳುವವರು ಚಿಕ್ಕ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ ಗಂಡ-ಹೆಂಡತಿ. ಫೋಟೋವನ್ನು ಬಹಳ ಹೊತ್ತು ನೋಡಿ, ಕಾಫಿ ಕುಡಿದು ಹೋದರು. ಮತ್ತೆ ಬರಲಿಲ್ಲ. ಮಗಳ ಶುಲ್ಕಕ್ಕೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆದೆವು.

ಸೈಟು ಕೊಳ್ಳುವ ತಂದೆ-ತಾಯಿಗಳಿಗೆ ಸೋತವನ ಒಂದು ಮಾತು: ಮೊದಲು ಗ್ರಾಮ ನಕಾಶೆ, ಪಹಣಿ, ಯೋಜನಾ ನಕ್ಷೆ ನೋಡಿ, ಕೆರೆ, ರಾಜಕಾಲುವೆ, ಖರಾಬು ಎಲ್ಲಿವೆ ಎಂದು ಸರ್ವೆಯವರಿಂದ ಅಳೆಸಿ, ಮಳೆಗಾಲದಲ್ಲೊಮ್ಮೆ ಹೋಗಿ ಬನ್ನಿ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ, ದಯವಿಟ್ಟು ನನ್ನಂತೆ ಗದರಬೇಡಿ.