ಗುಜರಿ ಮಾಲು, ಗುಮಾನಿ ಮನಸ್ಸು

ಅಪ್ಪನ ಮಾರುತಿ 800ಗೆ ಆಲ್ಟರ್ನೇಟರ್ ಬೇಕಿತ್ತು. 2014ರ ಜನವರಿಗೇ ಆ ಕಾರಿನ ತಯಾರಿಕೆ ನಿಂತಿದೆ. ನೆಟ್ಟಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಹುಡುಕಿದೆ.

ಒಬ್ಬ ಫಳಫಳ ಹೊಳೆಯೋ ಫೋಟೋ ಕಳಿಸಿ, "ಅಡ್ವಾನ್ಸ್ ಹಾಕಿ ಸಾರ್" ಅಂದ. ಪಾರ್ಟ್ ನಂಬರ್ ಕಾಣೋ ಫೋಟೋ ಕೇಳಿದೆ. ಆಸಾಮಿ ನಾಪತ್ತೆ!

ಇನ್ನೊಬ್ಬ ಗ್ರೀಸ್ ಒರೆಸಿ ನಂಬರ್ ತೋರಿಸಿದ. ಆದ್ರೆ ಅವನಿಗೆ ನನ್ನ ಮೇಲೇ ಗುಮಾನಿ. ದುಡ್ಡು ಕೊಡ್ತೀವಿ ಅಂತ ಕ್ಯೂಆರ್ ಕೋಡ್ ಕಳಿಸಿ ಎಗರಿಸೋರೂ ಇದಾರಲ್ಲ! (ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಒತ್ತಬೇಕಿಲ್ಲ, ನೆನಪಿರಲಿ.)

ಕೊನೆಗೆ ದಾಬಸ್‌ಪೇಟೆಯ ಮೆಕ್ಯಾನಿಕ್ ಶೆಡ್ಡಲ್ಲಿ ಭೇಟಿ. ಪಾರ್ಟು ಕೂರಿಸಿ, ಎಂಜಿನ್ ಓಡಿಸಿ, ಬ್ಯಾಟರಿಗೆ ಮೀಟರ್ ಇಟ್ವಿ: 14 ವೋಲ್ಟ್. ಆಮೇಲೆ ದುಡ್ಡು, ಟೀ.

ಅಷ್ಟೆಲ್ಲ ಕೆದಕಿ ಕೇಳಿದ್ರೂ ಅವನು ಬೇಜಾರಾಗದೆ ಉತ್ತರ ಕೊಟ್ಟನಲ್ಲ, ನಂಗೆ ನಂಬಿಕೆ ಹುಟ್ಟಿದ್ದೇ ಅಲ್ಲಿ. ನೀವೇನಂತೀರಿ?