ಕೃಷ್ಣೆಯ ದಂಡೆಯ ದುಡ್ಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಈ ಐದೂ ತಾಲೂಕುಗಳಲ್ಲಿ ವರ್ಷ ಶುರುವಾಗುವುದು ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬಿದ್ದ ದಿನ. ಯುಗಾದಿಗೆ ಬೇವು-ಬೆಲ್ಲ ತಿನ್ನುತ್ತೇವೆ, ಮಾರ್ಚ್ ತಿಂಗಳ ಕೊನೆಗೆ ಸೊಸೈಟಿಯ ಸಾಲ ಕಟ್ಟಿ ಮತ್ತೆ ಎತ್ತುತ್ತೇವೆ. ಆದರೆ ಮಗಳ ಮದುವೆ, ಮನೆಯ ಸ್ಲ್ಯಾಬು, ಮಗನ ಕಾಲೇಜು ಫೀ, ಕಿರಾಣಿ ಅಂಗಡಿಯ ಉದ್ರಿ ಇವೆಲ್ಲಕ್ಕೂ ನಾವು ಹೇಳುವ ಗಡುವು ಒಂದೇ: “ಕಬ್ಬಿನ ಬಿಲ್ಲ ಆಗ್ಲಿ, ನೋಡೂಣು.” ಅಂಗಡಿಯವನೂ ತಲೆಯಾಡಿಸುತ್ತಾನೆ. ಅವನು ಸಗಟು ವ್ಯಾಪಾರಿಗೆ ಹೇಳಿರುವುದೂ ಅದೇ ಗಡುವು.

ಕಬ್ಬು ಹೋದ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಕೇಳಿ ಪಡೆದ ರೈತನನ್ನು ನಾನು ನಮ್ಮ ಊರಲ್ಲಿ ಕಂಡಿಲ್ಲ. ಕಾರ್ಖಾನೆಗೂ ಅದರದೇ ಲೆಕ್ಕ ಇದೆ. ಕಬ್ಬು ಅರೆಯುವುದು ನಾಲ್ಕೈದು ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ. ನಡುವಿನ ತೆರವು ತುಂಬಲು ಗೋದಾಮಿನ ಸಕ್ಕರೆ ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಬೇಕು. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕಿಲೋಗೆ 31 ರೂಪಾಯಿ ಮಾಡಿತು. ಆಮೇಲೆ ವರ್ಷಗಟ್ಟಲೆ ಅದು ಅಲುಗಲೇ ಇಲ್ಲ. ಇತ್ತ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಕ್ವಿಂಟಲಿಗೆ 275 ಇದ್ದದ್ದು 2025-26ರ ಹಂಗಾಮಿಗೆ 355ಕ್ಕೆ ಬಂತು. ಹಾಗಂತ ರೈತನ ಕೈಗೆ ಹೆಚ್ಚಿಗೆ ಉಳಿಯಿತೇ ಎಂದರೆ ಅದೂ ಇಲ್ಲ. ಗೊಬ್ಬರ, ಡೀಸೆಲ್, ಕಡಿಯುವ ಟೋಳಿಯ ಕೂಲಿ ಎಲ್ಲವೂ ಏರಿದ್ದವು. ರಾಯಬಾಗದ ನೆರೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲು ರಾತ್ರಿ ಕುಳಿತರು. 3,300ಕ್ಕೆ ಮಾತು ಮುಗಿಯಿತು. ನಮ್ಮ ಭಾಗಕ್ಕೆ ಇದು ಹೊಸದಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೇ ಬೀಡುಬಿಟ್ಟಿದ್ದರು. ಏಪ್ರಿಲಿನಲ್ಲಿ ಗೋಲಿಬಾರಾಗಿ ರೈತರು ಸತ್ತರು. ನಿಪ್ಪಾಣಿಯ ಹಿರಿಯರು ಆ ಮಾತು ತೆಗೆದರೆ ಇವತ್ತಿಗೂ ದನಿ ಏರುತ್ತದೆ.

ಬಿಲ್ಲು ಬಂದ ಮೇಲೆ ಆ ಹಣ ಎಲ್ಲಿ ಹೋಗುತ್ತದೆ? ಸಾಲಕ್ಕೆ ಮುರಿದುಕೊಂಡು ಉಳಿದದ್ದು ಬಹುಪಾಲು ಊರಿನ ಪತ್ತಿನ ಸಂಘಕ್ಕೇ ಹೋಗುತ್ತದೆ. ಅಥಣಿಯ ಬಜಾರದಲ್ಲಿ, ಚಿಕ್ಕೋಡಿಯ ಬಸವೇಶ್ವರ ಸರ್ಕಲ್ಲಿನ ಸುತ್ತ, ಹಳ್ಳಿಯ ಗುಡಿಯ ಎದುರು, ತಲೆ ಎತ್ತಿದರೆ ಸೌಹಾರ್ದ, ಪತ್ತಿನ ಸಹಕಾರಿ, ಮಲ್ಟಿಸ್ಟೇಟ್ ಎಂಬ ಬೋರ್ಡುಗಳು. ದೇವರ ಹೆಸರಿನವು ಹೆಚ್ಚು. ಇವನ್ನು ನಾನು ಹಗುರಾಗಿ ನೋಡುವವನಲ್ಲ. ದೊಡ್ಡ ಬ್ಯಾಂಕು ‘ನಾಳೆ ಬರ್ರಿ’ ಎಂದ ದಿನ ಆಸ್ಪತ್ರೆಗೆ, ಎಮ್ಮೆಗೆ, ಬೋರಿಗೆ ಸಾಲ ಕೊಟ್ಟದ್ದು ಇವೇ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರು ಕಟ್ಟಿದ್ದು.

ಸಂಜೆ ಪಿಗ್ಮಿಯ ಹುಡುಗ ಬರುತ್ತಾನೆ. ಬೈಕು ಆರಿಸುವುದೇ ಇಲ್ಲ, ಒಂದು ಕಾಲು ನೆಲಕ್ಕೆ ಊರಿ, “ಅಕ್ಕಾರ, ಇವತ್ತ ಎಷ್ಟ್ ಹಾಕ್ಲಿ?” ಅನ್ನುತ್ತಾನೆ. ಚಹಾದಂಗಡಿಯ ಅಕ್ಕ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ತೆಗೆಯುತ್ತಾಳೆ. ಅಂಗೈಯಗಲದ ಮಷಿನ್ನಿನಿಂದ ಚೀಟಿ ಸುರುಳಿ ಸುತ್ತಿ ಹೊರಬರುತ್ತದೆ. ಆ ಚೀಟಿಗಳನ್ನೆಲ್ಲ ಆಕೆ ದಾರದಲ್ಲಿ ಪೋಣಿಸಿ ಮೊಳೆಗೆ ತೂಗುಹಾಕಿದ್ದಾಳೆ. ಒಮ್ಮೆ ಇಳಿಸಿ ನೋಡಿದೆ: ಮೇಲಿನವು ಓದಲು ಬರುತ್ತವೆ, ನಡುವಿನವು ಮಸುಕು, ತಳದವು ಬರೀ ಬಿಳಿ ಕಾಗದ. ಶಾಖಕ್ಕೆ ಅಕ್ಷರ ಮೂಡುವ ಕಾಗದವದು. ಒಲೆಯ ಮಗ್ಗುಲಲ್ಲಿ ಎಷ್ಟು ದಿನ ಉಳಿದೀತು? ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳಬೇಕೆಂದು ಹೇಳಿದೆ. “ಹುಡುಗ ನಮ್ಮಾವನ ಬಿಡ್ರಿ” ಅಂದಳು. ಈ ಪಿಗ್ಮಿ ಹುಟ್ಟಿದ್ದು 1928ರಲ್ಲಿ, ಉಡುಪಿಯಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸಲು ತೊಡಗಿತು. ಕರಾವಳಿಯ ಆ ಉಪಾಯ ಇಲ್ಲಿ ಚೀಟಿ ಫಂಡಿನಂಥ ಭಿಶಿಯ ಜೊತೆಗೆ ಬೇರೂರಿತು.

ಬ್ಯಾಂಕು ಮುಳುಗುವುದು ಬೆಂಗಳೂರು-ಮುಂಬೈನ ಸುದ್ದಿ ಎಂದುಕೊಳ್ಳುವವರಿಗೆ ಕೃಷ್ಣೆಯ ದಂಡೆಯ ಚರಿತ್ರೆ ಹೇಳಬೇಕು. ಕೃಷ್ಣೆ-ಕೊಯ್ನೆ ಕೂಡುವ ಕರಾಡದ ಬ್ಯಾಂಕು 1992ರ ಷೇರು ಹಗರಣದಲ್ಲಿ ಹುಸಿ ಬ್ಯಾಂಕ್ ರಸೀದಿ ಬರೆದುಕೊಟ್ಟು ಕುಸಿಯಿತು. 1994ರಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಪಾಲಾಯಿತು. ಕೆಳಗಿಳಿದರೆ ಸಾಂಗಲಿ: 1916ರ ಸಾಂಗಲಿ ಬ್ಯಾಂಕ್ 2007ರಲ್ಲಿ ಐಸಿಐಸಿಐನಲ್ಲಿ ಕರಗಿತು. ಮಗ್ಗುಲಿನ ಮೀರಜ ಸ್ಟೇಟ್ ಬ್ಯಾಂಕ್ 1985ರಲ್ಲೂ, ನಮ್ಮದೇ ಬೆಳಗಾಂ ಬ್ಯಾಂಕ್ 1975ರಲ್ಲೂ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಎಲ್ಲವೂ ಮುಳುಗಿದವಲ್ಲ, ಕೆಲವು ಸುಮ್ಮನೆ ದೊಡ್ಡದರ ಹೊಟ್ಟೆ ಸೇರಿದವು. ಅವೆಲ್ಲ ಬ್ಯಾಂಕುಗಳಾಗಿದ್ದುದರಿಂದ ಇನ್ನೊಂದು ಬ್ಯಾಂಕು ಬಂದು ಹೊಣೆ ಹೊತ್ತಿತು.

ಜಗತ್ತಿನ ಇನ್ನೊಂದು ತುದಿಯ ಮಾತೂ ನಮಗೆ ಸಂಬಂಧಪಟ್ಟದ್ದೇ. 2022ರಲ್ಲಿ ಉಕ್ರೇನ್ ಯುದ್ಧದಿಂದ ಎಣ್ಣೆ, ಅನಿಲಗಳ ಬೆಲೆ ಚಿಮ್ಮಿತು. ಮೊದಲೇ ಏರುತ್ತಿದ್ದ ತುಟ್ಟಿ ಮತ್ತೂ ಹೆಚ್ಚಿತು, ಅಮೆರಿಕ ಬಡ್ಡಿ ಏರಿಸಿತು. ಬಡ್ಡಿ ಏರಿದಾಗ ಹಳೆಯ ಸಾಲಪತ್ರಗಳ ಬೆಲೆ ಬಿತ್ತು. ಅಂಥವನ್ನೇ ರಾಶಿ ಹಾಕಿಕೊಂಡಿದ್ದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ 2023ರ ಮಾರ್ಚ್ 9ರಂದು ಒಂದೇ ದಿನ 4,200 ಕೋಟಿ ಡಾಲರ್ ಹೊರಗೆ ಹೋಯಿತು. ಮರುದಿನ ಬಾಗಿಲು ಮುಚ್ಚಿತು. ಅಲ್ಲಿನ ಸರ್ಕಾರ ಮಿತಿ ನೋಡದೆ ಅದರ ಎಲ್ಲ ಠೇವಿಗೂ ಭರವಸೆ ಕೊಟ್ಟಿತು. ಇಲ್ಲಿ 2019ರ ಸೆಪ್ಟೆಂಬರಿನಲ್ಲಿ ಪಂಜಾಬ್-ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ ಮೊದಲ ಆದೇಶದಲ್ಲಿ ಸಿಕ್ಕದ್ದು ಆರು ತಿಂಗಳಿಗೆ ಒಂದು ಸಾವಿರ ರೂಪಾಯಿ. ಬೆಂಗಳೂರಿನ ಗುರು ರಾಘವೇಂದ್ರ ಬ್ಯಾಂಕಿನವರಿಗೆ 2020ರ ಜನವರಿಯಲ್ಲಿ 35 ಸಾವಿರ. ನಿವೃತ್ತಿಯ ಹಣ ಇಟ್ಟ ಮುದುಕರು ರಸ್ತೆಯಲ್ಲಿ ನಿಂತು ಅತ್ತದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು.

ಎಣ್ಣೆಯ ಬೆಲೆ ನಮ್ಮ ಹೊಲದವರೆಗೂ ಬರುತ್ತದೆ. ಬ್ರೆಜಿಲಿನ ಗಿರಣಿಗಳು ಎಣ್ಣೆ ತುಟ್ಟಿಯಾದಾಗ ಕಬ್ಬನ್ನು ಎಥೆನಾಲಿಗೆ ತಿರುಗಿಸುತ್ತವೆ, ಅಗ್ಗವಾದಾಗ ಸಕ್ಕರೆಗೆ. ಜಗತ್ತಿನ ಸಕ್ಕರೆ ದರ ಅದರ ಹಿಂದೆ ಓಡುತ್ತದೆ. ನಮ್ಮ ಕಡೆಯ ಕಾರ್ಖಾನೆಗಳೂ ಸಾಲ ತೆಗೆದು ಡಿಸ್ಟಿಲರಿ ಹಾಕಿದವು, ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾರಿದವು. 2023ರಲ್ಲಿ ಮಳೆ ಕೈಕೊಟ್ಟಿತು. ಸಕ್ಕರೆ ಸಾಲದೆಂದು ಡಿಸೆಂಬರ್ 7ರಂದು ಕೇಂದ್ರವು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಎಂದಿತು. ಹಂಗಾಮು ಆಗಲೇ ನಡೆಯುತ್ತಿತ್ತು. ಕೆಲ ದಿನಕ್ಕೆ ಮಿತಿ ಹಾಕಿ ಸಡಿಲಿಸಿದರು, ಪೂರ್ತಿ ತೆಗೆದದ್ದು 2024ರ ಆಗಸ್ಟಿನಲ್ಲಿ. ಸಾಲದ ಬಡ್ಡಿ ಮಾತ್ರ ಆ ತಿಂಗಳುಗಳಲ್ಲಿ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ಕಾರ್ಖಾನೆಯ ಕೈ ಕಟ್ಟಿದರೆ ಬಿಲ್ಲು ತಡವಾಗುತ್ತದೆ. ಬಿಲ್ಲು ತಡವಾದರೆ ಟ್ರ್ಯಾಕ್ಟರಿನ ಕಂತು ನಿಲ್ಲುತ್ತದೆ, ಕಂತು ನಿಂತರೆ ಪತ್ತಿನ ಸಂಘದ ವಸೂಲಿ ಸೊರಗುತ್ತದೆ. ಅದೇ ವಾರ ಅದೇ ರೈತ ತನ್ನ ಠೇವು ಬಿಡಿಸಲು ಬರುತ್ತಾನೆ. ಸಾಲಗಾರನೂ ಠೇವುದಾರನೂ ಒಂದೇ ಬೆಳೆಯನ್ನು ನಂಬಿ ಕುಳಿತ ಸೀಮೆ ಇದು. ನನ್ನ ಭಯ ಇರುವುದು ಇಲ್ಲಿ.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಿದ್ದ ಪೆಟ್ಟಿಗೆ, 1962ರಲ್ಲಿ ಠೇವಣಿ ವಿಮೆ ಬಂತು. ಆಗ 1,500 ರೂಪಾಯಿವರೆಗೆ, 1993ರಿಂದ ಒಂದು ಲಕ್ಷ, 2020ರ ಫೆಬ್ರವರಿಯಿಂದ ಐದು ಲಕ್ಷ. ಆದರೆ ಈ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಂಘಕ್ಕಿಲ್ಲ, ಸೌಹಾರ್ದಕ್ಕಿಲ್ಲ, ಮಲ್ಟಿಸ್ಟೇಟ್ ಸೊಸೈಟಿಗೂ ಇಲ್ಲ. ಚಹಾದಂಗಡಿಯ ಅಕ್ಕನಿಗೆ ಇದು ಗೊತ್ತಿಲ್ಲ. ಬಾಗಿಲಲ್ಲಿ ಗಾಜು, ಒಳಗೆ ಎಸಿ, ಕೌಂಟರು ಎಲ್ಲ ಬ್ಯಾಂಕಿನ ಹಾಗೇ ಇರುವಾಗ ಹೇಗೆ ಗೊತ್ತಾಗಬೇಕು? 2020ರ ಏಪ್ರಿಲಿನಲ್ಲಿ ಬ್ಯಾಂಕುಗಳಿಗೆ ನಿಗದಿಯಾದ ವಿಮೆಯ ದರ ನೂರು ರೂಪಾಯಿ ಠೇವಿಗೆ ವರ್ಷಕ್ಕೆ 12 ಪೈಸೆ. ಲಕ್ಷಕ್ಕೆ 120 ರೂಪಾಯಿ. ಪತ್ತಿನ ಸಂಘಗಳಿಗೆ ಇದರ ಎರಡು ಪಟ್ಟು ಹಾಕಿದರೂ ಸರಿ, ಅವುಗಳ ಸಣ್ಣ ಠೇವಿಗೂ ಇಂಥ ಆಸರೆ ಬೇಕು. ಸರ್ಕಾರ ಇದನ್ನು ಮಾಡಲೇಬೇಕು. ಅಲ್ಲಿಯವರೆಗೆ ಠೇವಿನ ರಸೀದಿಯ ಮೇಲೆ ‘ಇದಕ್ಕೆ ವಿಮೆ ಇಲ್ಲ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ, ಅಚ್ಚು ಹಾಕಿಸಲಿ.

ಸೆಪ್ಟೆಂಬರಿನಲ್ಲಿ ಸಂಘಗಳ ವಾರ್ಷಿಕ ಸಭೆ. ವರದಿ ಪುಸ್ತಕ ಕೈಗೆ ಬರುತ್ತದೆ. ಅಧ್ಯಕ್ಷರ ಫೋಟೋ ದಾಟಿ ಹಿಂದಿನ ಹಾಳೆಗೆ ಹೋದರೆ ಸುಸ್ತಿ ಸಾಲ ಎಷ್ಟು, ಆಡಿಟ್‌ನಲ್ಲಿ ಯಾವ ವರ್ಗ ಎಂಬುದು ಸಣ್ಣಕ್ಷರದಲ್ಲಿ ಇರುತ್ತದೆ. ಈ ಸಲ ಊಟಕ್ಕೆ ಏಳುವ ಮೊದಲು ಆ ಎರಡನ್ನು ಎದ್ದು ನಿಂತು ಕೇಳಬೇಕೆಂದು ನಮ್ಮ ಓಣಿಯ ಹತ್ತಾರು ಮಂದಿಗೆ ಹೇಳಿಟ್ಟಿದ್ದೇನೆ. ಚಹಾದಂಗಡಿಯ ಅಕ್ಕನೂ ಸದಸ್ಯೆ, ಆಕೆಗೂ ಒಂದು ಓಟಿದೆ. ಆಕೆಯೂ ಬರುತ್ತೇನೆಂದಿದ್ದಾಳೆ.