ಮದುವೆಯ ಹಾಸಿಗೆ: ಸೆಟ್ಟೋ, ಬಿಡಿಯೋ?

ನಮ್ಮ ಮನೆಯಿಂದ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಎರಡು ಸಲವೂ ಒಡವೆಗಿಂತ ಹೆಚ್ಚು ಮಾತುಕತೆ ನಡೆದದ್ದು ಹಾಸಿಗೆಯ ಕುರಿತು. ಕೇಳಿದವರಿಗೆ ನಗು ಬಂದೀತು. ಆದರೆ ಹುಡುಗಿಗೆ ಕೊಡುವ ಸಾಮಾನನ್ನೆಲ್ಲ ಮದುವೆಗೆ ಎರಡು ದಿನ ಮೊದಲೇ ಒಂದು ಕೋಣೆಯಲ್ಲಿ ಜೋಡಿಸಿಟ್ಟು ನೆಂಟರಿಗೆ ತೋರಿಸುವ ಬೀದಿ ನಮ್ಮದು. ಪಾತ್ರೆಗಳನ್ನು ಯಾರೂ ಎತ್ತಿ ನೋಡುವುದಿಲ್ಲ. ಹಾಸಿಗೆಯನ್ನು ಮಾತ್ರ ಎಲ್ಲರೂ ಒತ್ತಿ ನೋಡುತ್ತಾರೆ.

ರಾಮನಗರದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹರಾಜು ಹೇಗಾಯಿತೋ ಅದರ ಮೇಲೆ ಸಂಜೆಯ ಅಡುಗೆ. ಆಪಾಳ ಮದುವೆ ಕನಕಪುರಕ್ಕೆ ಆದದ್ದು 2012ರಲ್ಲಿ. ಆಗ ಬೆಂಗಳೂರಿನ ಅಂಗಡಿಯೊಂದರಿಂದ ಬೆಡ್ಡಿಂಗ್ ಸೆಟ್ ತಂದೆವು. ಆರಡಿ ಅಗಲದ ಫೋಮ್ ಹಾಸಿಗೆ, ಚಾದರ, ಎರಡು ದಿಂಬು, ಎರಡು ಕುಶನ್, ಒಂದು ದಪ್ಪ ಕಂಫರ್ಟರ್. ಎಲ್ಲದರ ಮೇಲೂ ಒಂದೇ ಗುಲಾಬಿ ಹೂವು. ಹೊರಡುವಾಗ ಅಂಗಡಿಯವರು ಚಾದರ, ದಿಂಬುಗಳನ್ನು ಝಿಪ್ ಇದ್ದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ಹಣಕ್ಕೆ ಅಬ್ಬಾ ನೂಲಿನ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡಿದ್ದರು. ಅದು ತೀರಲು ಹದಿನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನವೂ ಅವರು ಹೇಳಿದ ಬೆಲೆಗೇ ನಾವು ನೂಲು ಕೊಟ್ಟೆವು.

ತೋರಿಸುವ ದಿನ ಎಲ್ಲರೂ ಮೆಚ್ಚಿದರು. ತೊಂದರೆ ಶುರುವಾದದ್ದು ಕನಕಪುರದಲ್ಲಿ. ಅಲ್ಲಿ ಆಪಾಳ ಕೋಣೆಯಲ್ಲಿದ್ದದ್ದು ಊರಿನ ಬಡಗಿ ಮಾಡಿದ ಐದಡಿಯ ಮಂಚ. ಹಾಸಿಗೆ ಎರಡೂ ಬದಿಗೆ ಅರ್ಧರ್ಧ ಅಡಿ ಹೊರಗೆ ಬಂತು. ಚಾದರದ ಅಗಲ 90 ಅಂಗುಲ. ಹಾಸಿಗೆಯ ಅಗಲ 72, ದಪ್ಪ 6. ಲೆಕ್ಕ ಹಾಕಿ ನೋಡಿ: ಎರಡು ಬದಿಯ ದಪ್ಪವನ್ನು ಮುಚ್ಚಿದ ಮೇಲೆ ಒಳಗೆ ಮಡಚಲು ಉಳಿಯುವುದು ಬದಿಗೆ ಮೂರೇ ಅಂಗುಲ. ಮಗು ಒಂದು ಸಲ ಹೊರಳಿದರೆ ಚಾದರವೆಲ್ಲ ಮುದ್ದೆ. ಕಂಫರ್ಟರ್ ನಮ್ಮ ಕಡೆಯ ಸೆಕೆಗೆ ವರ್ಷದಲ್ಲಿ ಹತ್ತಿಪ್ಪತ್ತು ರಾತ್ರಿಗೂ ಬೇಡ. ಮನೆಯ ವಾಷಿಂಗ್ ಮೆಷಿನ್ನಿಗೆ ಅದು ಹಿಡಿಸಲೂ ಇಲ್ಲ. ಕೊನೆಗೆ ಬಂದ ಚೀಲದಲ್ಲೇ ಬೀರುವಿನ ತಲೆ ಸೇರಿತು.

ನಮಗೆ ನಾಚಿಕೆಯಾದದ್ದು ಬಟ್ಟೆಯ ವಿಷಯದಲ್ಲಿ. 'ಗ್ಲೇಸ್ ಕಾಟನ್' ಎಂಬ ಹೆಸರು ನೋಡಿ ಹತ್ತಿ ಎಂದುಕೊಂಡಿದ್ದೆವು. ಆ ಹೆಸರಿನಲ್ಲಿ ಮಾರುವುದರಲ್ಲಿ ಹೆಚ್ಚಿನದು ಪಾಲಿಯೆಸ್ಟರ್. ಎಳೆಯೊಂದನ್ನು ಸುಟ್ಟರೆ ತಿಳಿಯುತ್ತದೆ. ಹತ್ತಿ ಕಾಗದದ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ಹಾಗೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ದಿನ ಬೆಳಗಾದರೆ ನೂಲು ಹಿಡಿಯುವ ನಾವು ಅಂಗಡಿಯಲ್ಲಿ ಆ ಒಂದು ಎಳೆಯನ್ನು ಎಳೆದು ನೋಡಲಿಲ್ಲ.

ತಂಗಿಯ ನಿಕಾಹ್ 2024ರ ಡಿಸೆಂಬರ್‌ನಲ್ಲಿ, ಚನ್ನಪಟ್ಟಣಕ್ಕೆ. ಹುಡುಗ ಹಾಲೆ ಮರದ ಬೊಂಬೆ ಕಡೆಯುವವನು. 2023ರಲ್ಲಿ ಎಕ್ಸ್‌ಪ್ರೆಸ್ ರಸ್ತೆ ಊರ ಹೊರಗೆ ಹಾದುಹೋದ ಮೇಲೆ ಹಳೆ ಹೆದ್ದಾರಿಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆ, ಅವರ ಕೈಯೂ ಬಿಗಿ. ಬೀಗರು ಏನನ್ನೂ ಕೇಳಲಿಲ್ಲ. ಬೀಗಿತ್ತಿ ಮಾತ್ರ ಹೊರಡುವ ಮುಂಚೆ, "ಏನೂ ಬೇಡ, ಒಂದು ಸೆಟ್ ಇದ್ದರೆ ಸಾಕು" ಎಂದರು. ಅದನ್ನು ಬೇಡಿಕೆ ಎನ್ನಬೇಕೋ ಸೌಜನ್ಯ ಎನ್ನಬೇಕೋ, ಈಗಲೂ ನಮ್ಮಲ್ಲಿ ಒಮ್ಮತವಿಲ್ಲ.

ಈ ಸಲ ಅಮ್ಮಿ ಒಪ್ಪಲಿಲ್ಲ. ಬಿಡಿಬಿಡಿಯಾಗಿಯೇ ತರುವುದೆಂದರು. ಮಾಗಡಿಯ ಫುಪ್ಪು ಮನೆಯ ಹಿಂದೆ ಬೂರುಗದ ಮರವಿದೆ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಫುಪ್ಪು ಆಯ್ದಿಟ್ಟಿದ್ದ ಹತ್ತಿ ಎರಡು ಮೂಟೆ ಬಂತು. ಅದನ್ನು ಬಿಲ್ಲಿಗೆ ಕೊಡಬೇಕಿಲ್ಲ, ಬೀಜ ತೆಗೆದು ಕೋಲಿನಿಂದ ಬಡಿದರೆ ಸಾಕು. ದಿಂಬಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಡಿಯುವಾಗ ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ನಾವು ಕಟ್ಟಿಕೊಳ್ಳದೆ ಎರಡು ದಿನ ಸೀನಿದೆವು.

ಹಾಸಿಗೆಗೆ ಹತ್ತಿಯೇನೋ ಸಿಕ್ಕಿತು, ಹೊಲಿಯುವವರು ಸಿಗಲಿಲ್ಲ. ನಾವು ಚಿಕ್ಕವರಿದ್ದಾಗ ಪಿಂಜಾರರು ಹೆಗಲ ಮೇಲೆ ಬಿಲ್ಲು ಹೊತ್ತು ಬೀದಿಗೇ ಬರುತ್ತಿದ್ದರು. ನರದ ಹುರಿಯನ್ನು ಮರದ ಕೊಡತಿಯಿಂದ ಮೀಟಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಚಿತ್ರದುರ್ಗ, ಬಳ್ಳಾರಿ ಕಡೆ ನದಾಫರೆಂದೂ ಕರೆಯುವ ಈ ಸಮುದಾಯವನ್ನು ಸರಕಾರ ಪ್ರವರ್ಗ-1ರಲ್ಲಿ ಇರಿಸಿದೆ. ಅರಬಿಯಲ್ಲಿ ನದ್ದಾಫ್ ಎಂದರೆ ಹತ್ತಿ ಹಿಂಜುವವನೆಂದೇ ಅರ್ಥ. ಹೆಸರು ಉಳಿದಿದೆ, ಮಕ್ಕಳು ಬೇರೆ ಬೇರೆ ಕೆಲಸ ಹಿಡಿದಿದ್ದಾರೆ. ಮೂರು ವಾರ ಹುಡುಕಿದ ಮೇಲೆ ಒಬ್ಬ ಚಾಚಾ ಸಿಕ್ಕರು. ಬಿಲ್ಲಿನ ಬದಲು ಗೂಡ್ಸ್ ಆಟೋದಲ್ಲಿ ಮೋಟಾರಿನ ಯಂತ್ರ ತಂದರು. ಬಂದವರು ಕುಳಿತುಕೊಳ್ಳುವ ಮೊದಲೇ ಕೇಳಿದ್ದು, "ಮಂಚ ಎಷ್ಟು ಅಗಲ ಬೇಟಿ?" ನಮಗೆ ಗೊತ್ತಿರಲಿಲ್ಲ. ಈ ಸಲವೂ ನಾವು ಕೇಳಿರಲಿಲ್ಲ! ಚನ್ನಪಟ್ಟಣಕ್ಕೆ ಫೋನು ಮಾಡಿ ಹುಡುಗನ ತಮ್ಮನಿಂದ ಅಳತೆ ತೆಗೆಸಿದೆವು. ಹತ್ತಿ ಹಿಂಜಿದ್ದು ಒಂದು ಗಂಟೆ. ಪಟ್ಟೆ ಬಟ್ಟೆಯಲ್ಲಿ ಸಮನಾಗಿ ಹರಡಿ, ಉದ್ದ ಸೂಜಿಯಿಂದ ಅಂಚು ಕಟ್ಟಿ, ನಡುನಡುವೆ ಗಂಟು ಹಾಕಿದ್ದು ಮೂರು ಗಂಟೆ.

ಅಷ್ಟರಲ್ಲಿ ತಂಗಿ ಅಳುತ್ತಿದ್ದಳು. "ನನ್ನ ಜೊತೆ ಓದಿದವರೆಲ್ಲರಿಗೂ ಸೆಟ್ ಕೊಟ್ಟಿದ್ದಾರೆ. ನನಗೆ ಮಾತ್ರ ಈ ಪಟ್ಟೆ ಹಾಸಿಗೆಯಾ? ನನ್ನನ್ನು ಒಂದು ಮಾತು ಕೇಳಿದಿರಾ?" ಕೇಳಿರಲಿಲ್ಲ. ಆಪಾಳಿಗೆ ಸೆಟ್ ತರುವಾಗ ಅವಳನ್ನೂ ಕೇಳಿರಲಿಲ್ಲ. ಅಮ್ಮಿ ಏನೂ ಹೇಳದೆ ಚಾದರದ ದುಡ್ಡನ್ನು ತಂಗಿಯ ಕೈಗೆ ಕೊಟ್ಟರು. ಅವಳು ಆರಿಸಿದ್ದು ಗುಲಾಬಿ ಹೂವನ್ನೇ, ಆದರೆ ಅಂಗಡಿಯ ಹೊರಗೆ ಹೋಗಿ ಎಳೆ ಸುಟ್ಟು ನೋಡಿಯೇ ಆರಿಸಿದಳು. ಅಂಗಡಿಯವರು ಕೆಕ್ಕರಿಸಿ ನೋಡಿದರಂತೆ.

ಒಟ್ಟು ಖರ್ಚು ಕೂಡಿಸಿದಾಗ ಸೆಟ್ಟಿಗಿಂತ ಎರಡು ಸಾವಿರ ಮಾತ್ರ ಕಡಿಮೆ. ಬಿಡಿಯಾಗಿ ಕೊಂಡರೆ ಬಹಳ ಉಳಿಯುತ್ತದೆ ಎನ್ನುವವರು ಕೂಲಿ, ಆಟೋ ಬಾಡಿಗೆಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ವ್ಯತ್ಯಾಸ ಬೇರೆ ಕಡೆ ಇತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರಲ್ಲಿ ಬಂದ ನಿಯಮದಂತೆ, ಕೇಳದೆ ಕೊಟ್ಟ ಉಡುಗೊರೆಗಳನ್ನೂ ಪಟ್ಟಿ ಮಾಡಬೇಕು. ವಸ್ತು ಯಾವುದು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು ಎಂದು ಬರೆಯಬೇಕು. ನಮ್ಮ ಬೀದಿಯಲ್ಲಿ ಇದನ್ನು ಬರೆಯುವವರು ಕಡಿಮೆ. ಈ ಸಲ ನಾವು ಬರೆದೆವು. ಆಪಾಳದ್ದು ಬರೆದಿದ್ದರೆ 'ಸೆಟ್ 1, ತಂದೆ' ಎಂಬ ಒಂದೇ ಸಾಲಾಗುತ್ತಿತ್ತು. ತಂಗಿಯದು ಒಂಬತ್ತು ಸಾಲಾಯಿತು: ದಿಂಬಿನ ಹತ್ತಿ ಫುಪ್ಪು, ಪಟ್ಟೆ ಬಟ್ಟೆ ಖಾಲಾ, ಹೊದೆಯಲು ಕಂಬಳಿ ಆಪಾ, ಹೊಲಿದ ಕೂಲಿ ಮಾಮೂ. ಅಬ್ಬಾರ ಹೆಸರಿನ ಮುಂದೆ ಬಂದದ್ದು ಹಾಸಿಗೆಯ ಹತ್ತಿ ಮತ್ತು ಚಾದರದ ದುಡ್ಡು. ನೂಲಿನ ವ್ಯಾಪಾರಿಯ ಬಾಗಿಲಿಗೆ ಅವರು ಹೋಗಲಿಲ್ಲ.

ತೋರಿಸುವ ದಿನ ಒಬ್ಬ ಹಿರಿಯರು ಹಾಸಿಗೆ ಒತ್ತಿ ನೋಡಿ, ಪ್ರವಾದಿಯವರು ಮಗಳು ಫಾತಿಮಾರಿಗೆ ಹುಲ್ಲು ತುಂಬಿದ ತೊಗಲಿನ ದಿಂಬು ಕೊಟ್ಟದ್ದನ್ನು ನೆನಪಿಸಿದರು. ಅಮ್ಮಿಗೆ ಸಮಾಧಾನವಾಯಿತು. ಆಪಾಳ ಸೆಟ್ ತೋರಿಸಿದ ದಿನವೂ ಯಾರೋ ಇದನ್ನೇ ಹೇಳಿ, ಹಾಸಿಗೆ ಕೊಡುವುದು ಸುನ್ನತ್ ಎಂದು ನಮ್ಮ ಸಾಲಕ್ಕೆ ಸಮರ್ಥನೆ ಕೊಟ್ಟಿದ್ದರು.

2025ರ ಮಳೆಗಾಲದಲ್ಲಿ ತಂಗಿಯ ಫೋನು ಬಂತು. ಹಾಸಿಗೆ ತಂಡಿ ಹಿಡಿದು ಭಾರವಾಗಿದೆ, ಬಾಡಿಗೆ ಮನೆಗೆ ತಾರಸಿಯಿಲ್ಲ, ಎಲ್ಲಿ ಒಣಗಿಸಲಿ? ಅಂಗಡಿಯ ಫೋಮಾಗಿದ್ದರೆ ಈ ಕಾಟವಿರಲಿಲ್ಲ ಎಂದು ಸೇರಿಸಿದಳು. ಅದು ನಿಜವೇ. ಮಳೆ ಬಿಟ್ಟ ಭಾನುವಾರ ಅವಳ ಗಂಡ ಹಾಸಿಗೆಯನ್ನು ಆಟೋಗೆ ಹಾಕಿಕೊಂಡು ರಾಮನಗರಕ್ಕೆ ತಂದ. ಅಬ್ಬಾ, ಅಳಿಯ ಇಬ್ಬರೂ ಸೇರಿ ತಾರಸಿಗೆ ಹೊತ್ತರು. ಮಧ್ಯಾಹ್ನ ಮಗ್ಗುಲು ಬದಲಿಸಲು ನಾವು ಹೋದಾಗ ತಂಗಿ ಅದರ ಮೇಲೆ, ಬಿಸಿಲಿಗೆ ಮುಖ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು. ಎಬ್ಬಿಸದೆ ಇಳಿದು ಬಂದೆವು.